ಮೊದಲ ವರ್ಷದ ಬೇರು

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದ ಆಕೆಗೆ ಕಾಜಾ ಹೊಲಿಯುವಾಗ ಇದ್ದ ತಾಳ್ಮೆ ಓರಗಿತ್ತಿಯ ವಿಷಯದಲ್ಲಿ ಮಾತ್ರ ಇರಲಿಲ್ಲ. ಒಂದೇ ಸೂರು, ಎರಡು ಒಲೆ, ಹಿತ್ತಲಲ್ಲಿ ಒಂದೇ ನಲ್ಲಿ. ಆ ನಲ್ಲಿಯ ಸರದಿಗೆ ಜಗಳವಾಡಿ ಇಬ್ಬರೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೇಳಲೇಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು.

"ಬಕೆಟ್ ಎತ್ತಿಟ್ರೆ ಕೆಲವರ ಕೈ ಸವೆದುಹೋಗುತ್ತೇನೋ" ಎಂದು ಟೈಲರಮ್ಮ.

"ಕೆಲವರಿಗೆ ನಾಲಿಗೆನೇ ಕತ್ತರಿ" ಎಂದು ಓರಗಿತ್ತಿ, ಅದೇ ಗೋಡೆಗೆ.

ಪಾಪ, ಆ ಗೋಡೆ ಕೇಳಿದಷ್ಟು ಬೈಗುಳ ಯಾವ ಸೊಸೆಯೂ ಕೇಳಿರಲಿಕ್ಕಿಲ್ಲ.

ಟೈಲರಮ್ಮನ ತವರಿನ ಪಕ್ಕದ ಕಾಡನ್ನು ರಸ್ತೆಗಾಗಿ ಕಡಿದರು. ಅಲ್ಲಿ ಮರಗಳ ನೆರಳಲ್ಲಿ ಪ್ರತಿವರ್ಷ ತಾನಾಗಿ ಚಿಗುರಿ ಬಿಳಿ ಹೂ ಬಿಡುತ್ತಿದ್ದ ಪುಟ್ಟ ಗಿಡವನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಕಡಿಯುವ ಮುಂಚೆ ತಾಯಿ ಕೊನೆಯ ಕಾಯಿಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿ ತಂದುಕೊಟ್ಟಿದ್ದಳು.

"ಒಣಗಿಸಬೇಡ, ಇವತ್ತೇ ಬಿತ್ತು. ಮೊದಲ ವರ್ಷ ಕೆಳಗೆ ಬೇರು ಬಿಡುತ್ತೆ, ಮೇಲೇನೂ ಕಾಣಲ್ಲ. ಎಲೆ ಬರೋದು ಮುಂದಿನ ವರ್ಷಾನೇ."

ಎಣ್ಣೆ ಡಬ್ಬಗಳನ್ನು ಕತ್ತರಿಸಿ, ಕೊಳೆತ ತರಗೆಲೆ ತುಂಬಿ, ಟೈಲರಮ್ಮ ಅಂದೇ ಹಿತ್ತಲಲ್ಲಿ ಬಿತ್ತಿದಳು. ಕೆಲವೇ ತಿಂಗಳಲ್ಲಿ ತಾಯಿ ತೀರಿಕೊಂಡಳು. ಅವಳ ಕೈಯದೆಂದು ಉಳಿದದ್ದು ಆ ಡಬ್ಬಗಳಲ್ಲಿ ಬಿತ್ತಿದ್ದಷ್ಟೇ.

ಬರೀ ಮಣ್ಣಿಗೆ ದಿನಾ ನೀರು ಹನಿಸುವುದನ್ನು ಕಂಡು ಓರಗಿತ್ತಿ ಗೋಡೆಗೆ ಹೇಳಿದಳು: "ಮಣ್ಣಿಗೆ ಬಾಯಾರಿಕೆಯಂತೆ."

ಟೈಲರಮ್ಮನ ಮೈ ಉರಿಯಿತು. ಬೇರಿನ ಸಂಗತಿ ನಾಲಿಗೆಯ ತುದಿಗೆ ಬಂತು. ಇವಳಿಗ್ಯಾಕೆ ಹೇಳಬೇಕು, ಎಲೆ ಬಂದ ದಿನ ಮುಖಕ್ಕೆ ಹಿಡಿದು ತೋರಿಸುತ್ತೇನೆ ಎಂದು ನುಂಗಿಕೊಂಡಳು.

ಎಲೆ ಬರುವ ಕಾಲ ಹತ್ತಿರವಾಗಿತ್ತು. ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಡಬ್ಬಗಳ ತುಂಬ ಓರಗಿತ್ತಿಯ ಪುದೀನ. ಹಳೆಯ ಮಣ್ಣು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡೀ ದಿನದ ಬಿಸಿಲಿಗೆ ಒಣಗಿ ಬಿದ್ದಿತ್ತು. ಟೈಲರಮ್ಮ ಅದರಲ್ಲಿ ಬೆರಳಾಡಿಸಿದಳು. ದಾರದಂಥ ಬೇರುಗಳು, ಒಂದೊಂದರ ನೆತ್ತಿಗೂ ಅಕ್ಕಿಕಾಳಿನಷ್ಟು ಮೊಳಕೆ. ಎಲ್ಲವೂ ಮುಟ್ಟಿದರೆ ಪುಡಿಯಾದವು.

ಅವಳು ಗೋಡೆಯ ಕಡೆ ತಿರುಗಲಿಲ್ಲ. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ಓರಗಿತ್ತಿಯ ಎದುರಿಗೇ ಹೋಗಿ ನಿಂತಳು.

"ನಮ್ಮಮ್ಮನ ಗಿಡ ಕೊಂದುಬಿಟ್ಟೆ ನೀನು."

ಓರಗಿತ್ತಿ ಆ ಅಂಗೈಯನ್ನೇ ನೋಡಿದಳು. ಅವಳ ಮುಖವೂ ಕಪ್ಪಿಟ್ಟಿತು.

"ಖಾಲಿ ಮಣ್ಣು ಅಂದ್ಕೊಂಡೆ. ಒಳಗೆ ಬೇರಿದೆ ಅಂತ ಗೋಡೆಗಾದ್ರೂ ಹೇಳಬಾರದಿತ್ತಾ?"

ಅಂದು ನುಂಗಿಕೊಂಡ ಮಾತು ಟೈಲರಮ್ಮನಿಗೆ ನೆನಪಾಯಿತು. ತನ್ನ ಮೇಲೆಯೇ ಅಸಹ್ಯವಾಯಿತು. ತನ್ನ ಆ ತಪ್ಪನ್ನು ಬಾಯಿಬಿಟ್ಟು ಹೇಳಿದ ಓರಗಿತ್ತಿಯನ್ನು ಅವಳು ಆಮೇಲೆ ಯಾವತ್ತೂ ಕ್ಷಮಿಸಲಿಲ್ಲ.