ಅರ್ಧ ಹಿಂದಿ, ಅರ್ಧ ಕನ್ನಡದ ಒಂದು ಸಿನಿಮಾ

ನನಗೆ ರಿಮೇಕ್ ಸಿನಿಮಾ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಒಬ್ಬಳು ಅತ್ತು ಮುಗಿಸಿದ್ದನ್ನು ಇನ್ನೊಬ್ಬಳು ಅದೇ ಬಣ್ಣದ ಸೀರೆ ಉಟ್ಟು, ಅಂಥದೇ ಕಂಬ ಹಿಡಿದು ಮತ್ತೆ ಅಳುವುದನ್ನು ನೋಡಲು ನಾನೇಕೆ ಟಿಕೆಟ್ ತೆಗೆಸಬೇಕು? ಭಾರೀ ಹಿಟ್ ಸಿನಿಮಾಗಳ ಮೇಲೂ ನನಗೆ ಅಷ್ಟೇ ಸಿಟ್ಟು. ಊರೆಲ್ಲ ಹೊಗಳುತ್ತಿದೆ ಎಂದು ಒಮ್ಮೆ ದಾಂಡೇಲಿಯಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಒಂದನ್ನು ನೋಡಿದೆ. ನಾಯಕ ಸಿನಿಮಾ ಪೂರ್ತಿ ಹೊಗೆಯೊಳಗಿಂದ ನಡೆದುಕೊಂಡು ಬರುತ್ತಲೇ ಇದ್ದ. ಎಲ್ಲಿಗೆ ಹೊರಟಿದ್ದಾನೆಂದು ಕೊನೆಗೂ ತಿಳಿಯಲಿಲ್ಲ. ತಲೆನೋವಿನ ಗುಳಿಗೆ ನುಂಗಿ ಮನೆಗೆ ಬಂದೆ. ನೋಡಿದ ಹಳೆಯ ಸಿನಿಮಾವನ್ನೇ ಮತ್ತೆ ನೋಡುವುದು ಮಾತ್ರ ಪರಮ ಸುಖ. ಮುಂದೇನಾಗುತ್ತದೋ ಎಂಬ ಗಡಿಬಿಡಿ ಇರುವುದಿಲ್ಲ. ನಾಯಕಿಯ ಹಿಂದೆ ನೀರಿನ ಕೊಡ ಹೊತ್ತು ನಿಂತವಳ ಮುಖವನ್ನೂ ಸಮಾಧಾನವಾಗಿ ನೋಡಬಹುದು.

ನನ್ನ ಈ ಶಿಸ್ತಿಗೆಲ್ಲ ಅಡ್ಡಗಾಲು ಹಾಕಿದವನು ನನ್ನ ಅಪ್ಪ.

ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ನಾವು ಬಂಗೂರನಗರದ ಕ್ವಾರ್ಟರ್ಸಿನಲ್ಲಿದ್ದೆವು. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಪಾಳಿಯವರು ಸಿನಿಮಾ ನೋಡುವ ರೀತಿಯೇ ಬೇರೆ ಇತ್ತು. ಮಧ್ಯಾಹ್ನದ ಪಾಳಿ ಇದ್ದವರು ಮ್ಯಾಟಿನಿಗೆ ಹೋಗಿ ಇಂಟರ್ವಲ್‌ವರೆಗೆ ನೋಡಿ, ಕಾರ್ಖಾನೆಯ ಭೋಂಗಾ ಕೂಗುವುದರೊಳಗೆ ಎದ್ದು ಸೈಕಲ್ ಹತ್ತುತ್ತಿದ್ದರು. ಉಳಿದರ್ಧವನ್ನು ಬಿಡುವಾದ ದಿನ ಇಂಟರ್ವಲ್ ಹೊತ್ತಿಗೆ ಸರಿಯಾಗಿ ಬಂದು ನೋಡುತ್ತಿದ್ದರು. ಹರಿದ ಟಿಕೆಟ್ ತೋರಿಸಿದರೆ ಗೇಟ್‌ಕೀಪರ್ ಸುಮ್ಮನೆ ಒಳಗೆ ಬಿಡುತ್ತಿದ್ದ. ಅವನಿಗೆ ಎಲ್ಲರ ಪಾಳಿಯೂ ಗೊತ್ತಿತ್ತು.

ಹೀಗಿರುವಾಗ ಅಣ್ಣತಮ್ಮಂದಿರ ಕತೆಯ ಒಂದು ಹಿಂದಿ ಸಿನಿಮಾ ಬಂತು. ಅಣ್ಣ ಲಾರಿ ಓಡಿಸಿ ತಮ್ಮನನ್ನು ಓದಿಸುತ್ತಾನೆ, ತಮ್ಮ ಜಗಳವಾಡಿ ಮನೆ ಬಿಟ್ಟು ಹೋಗುತ್ತಾನೆ. ಅಲ್ಲಿಗೆ ಇಂಟರ್ವಲ್, ಅಪ್ಪ ಪಾಳಿಗೆ ಹೋದ. ಉಳಿದರ್ಧ ನೋಡಲು ಬಿಡುವು ಸಿಗುವುದರೊಳಗೆ ಟಾಕೀಸಿನಲ್ಲಿ ಸಿನಿಮಾ ಬದಲಾಗಿತ್ತು. ಆ ತಮ್ಮ ಎಲ್ಲಿ ಹೋದನೋ, ಏನಾದನೋ ಎಂದು ಅಪ್ಪ ಊಟಕ್ಕೆ ಕೂತಾಗಲೂ ಚಿಂತೆ ಮಾಡುತ್ತಿದ್ದ. ಮರುವರ್ಷ ಅದೇ ಕತೆ ಕನ್ನಡದಲ್ಲಿ ರಿಮೇಕಾಗಿ ಬಂತು. ಅಪ್ಪ ನೇರವಾಗಿ ಇಂಟರ್ವಲ್ ಹೊತ್ತಿಗೆ ಒಳಗೆ ಹೋಗಿ, ಉಳಿದರ್ಧ ನೋಡಿ, ಖುಷಿಯಿಂದ ಮನೆಗೆ ಬಂದ. ನಾಯಕ ಬೇರೆ, ಭಾಷೆ ಬೇರೆ, ಲಾರಿಯ ಬಣ್ಣವೂ ಬೇರೆ. ಅದರಿಂದ ಅವನಿಗೆ ಏನೂ ತೊಂದರೆಯಾಗಲಿಲ್ಲ.

“ರಿಮೇಕ್ ಅಂದ್ರ ಮತ್ತೇನ?” ಎಂದು ನನ್ನನ್ನೇ ಕೇಳಿದ. “ಪಾಳ್ಯಾಗ ಸಿಕ್ಕೊಂಡವರಿಗೆ ಉಳದರ್ಧಾ ತೋರಸೂ ಸಲುವಾಗಿ ತಗೀತಾರ.”

ಹೀಗೆ ಅರ್ಧ ಹಿಂದಿ, ಅರ್ಧ ಕನ್ನಡದ ಆ ಸಿನಿಮಾ ಅಪ್ಪನ ಪ್ರಾಣವಾಯಿತು. ಕರೆಂಟು ಹೋದಾಗ, ಜೋಯಿಡಾದಿಂದ ನೆಂಟರು ಬಂದಾಗ, ನಾವು ಮಕ್ಕಳು ಜ್ವರದಲ್ಲಿ ಮಲಗಿದಾಗ, ಅದೇ ಕತೆ. ಕೊನೆಗೆ ತಮ್ಮ ದವಾಖಾನೆಯಲ್ಲಿ ಎಚ್ಚರ ತಪ್ಪಿ ಮಲಗಿರುತ್ತಾನೆ. ಅಣ್ಣ ಅಂಗಳಕ್ಕೆ ಲಾರಿ ತಂದು, ಚಿಕ್ಕಂದಿನಲ್ಲಿ ಅವನನ್ನು ಊಟಕ್ಕೆ ಕರೆಯುತ್ತಿದ್ದ ಹಾಗೆ ಹಾರ್ನ್ ಬಾರಿಸುತ್ತಾನೆ. ಅಪ್ಪ ಬಾಯಿಯಿಂದಲೇ “ಪೋಂ, ಪೋಂ” ಎನ್ನುತ್ತಿದ್ದ. ತಮ್ಮ ಕಣ್ಣು ತೆರೆಯುತ್ತಿದ್ದ. ಅಷ್ಟು ಹೊತ್ತೂ ಅಕ್ಕಿ ಆರಿಸುತ್ತ ಕೇಳುತ್ತಿದ್ದ ಅವ್ವ ಪ್ರತಿ ಸಲವೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಮುಂದೆ ಅಪ್ಪ ನಿವೃತ್ತನಾಗಿ ದಾಂಡೇಲಿಯಲ್ಲೇ ಬಾಡಿಗೆ ಮನೆ ಹಿಡಿದ. ನಾನು ಮುಂಡಗೋಡದ ಹತ್ತಿರ ಇಂದೂರಿನ ಶಾಲೆಯಲ್ಲಿ ಶಿಕ್ಷಕಿಯಾದೆ. ಮನೆಮನೆಗೆ ವಿಸಿಡಿ ಪ್ಲೇಯರ್ ಬಂದ ಕಾಲ ಅದು. ಮುಂಡಗೋಡದ ಒಂದು ಅಂಗಡಿಯಲ್ಲಿ ಆ ಹಿಂದಿ ಸಿನಿಮಾ ಸಿಕ್ಕಿತು, ಎರಡು ಡಿಸ್ಕ್. ನನಗೆ ಸ್ವರ್ಗ ಸಿಕ್ಕ ಹಾಗಾಯಿತು. ಅಪ್ಪನಿಗೆ ಕೊನೆಗೂ ಅಸಲು ಸಿನಿಮಾ ಪೂರ್ತಿ ತೋರಿಸುತ್ತೇನೆಂದು ಭಾನುವಾರ ಬಸ್ಸು ಬದಲಿಸಿಕೊಂಡು ಊರಿಗೆ ಬಂದೆ.

ಮೊದಲನೇ ಡಿಸ್ಕ್ ಮುಗಿಯಿತು. ಚಹಾ ತರಲು ಒಳಗೆ ಹೋದರೆ ಅವ್ವ ನನ್ನ ಮೊಣಕೈ ಹಿಡಿದಳು.

“ಎರಡನೇದ್ದು ಹಾಕಬ್ಯಾಡ. ಅದರಾಗ ತಮ್ಮ ಸಾಯ್ತಾನ.”

“ನಿನಗ ಹೆಂಗ ಗೊತ್ತು?”

“ಆವಾಗ ಓಣಿ ಹೆಣಮಕ್ಕಳ ಜೋಡಿ ಹೋಗಿ ಪೂರಾ ನೋಡೇನಿ. ಕನ್ನಡದಾಗ ಬದಕಸ್ಯಾರ, ಹಿಂದ್ಯಾಗ ಕೊಂದಾರ.”

“ಮತ್ತ ಇಷ್ಟ ವರ್ಷ ಅಪ್ಪಗ ಯಾಕ ಹೇಳಲಿಲ್ಲ?”

“ಹಾಲು ಉಕ್ಕಾಕತ್ತೈತಿ ನೋಡು,” ಎಂದು ಅವ್ವ ಒಲೆಯ ಕಡೆ ತಿರುಗಿದಳು.

ಇಷ್ಟು ವರ್ಷ ಅಪ್ಪ ಬದುಕಿಸಿಕೊಂಡು ಬಂದ ಹುಡುಗನನ್ನು ನಾನು ದುಡ್ಡು ಕೊಟ್ಟು ಸಾಯಿಸಲು ತಂದ ಹಾಗಾಗಿತ್ತು. ಹೊರಗೆ ಬಂದು, “ಎರಡನೇ ಡಿಸ್ಕಿಗೆ ಗೀರು ಬಿದ್ದಾವು ಅಪ್ಪಾ, ಓಡೂದಿಲ್ಲ,” ಎಂದೆ.

“ತಾ ಇಲ್ಲೆ,” ಎಂದು ಅಪ್ಪ ಅದನ್ನು ಬನಿಯನ್ನಿಗೆ ತಿಕ್ಕಿ ತಾನೇ ಹಾಕಿದ. ನಾನು ಹಿಂದೆ ತಂದ ಡಿಸ್ಕುಗಳೆಲ್ಲ ನಡುನಡುವೆ ನಿಂತು ಜೀವ ತಿನ್ನುತ್ತಿದ್ದವು. ಇದೊಂದು ಮಾತ್ರ ಎಣ್ಣೆ ಹಾಕಿದ ಚಕ್ರದ ಹಾಗೆ ಓಡಿತು.

ದವಾಖಾನೆ ಬಂತು. ಅಂಗಳಕ್ಕೆ ಲಾರಿ ಬಂತು. ಅಪ್ಪ ಕುರ್ಚಿಯ ತುದಿಗೆ ಸರಿದು, ಟಿವಿಯ ಜೊತೆಗೆ ತಾನೂ “ಪೋಂ, ಪೋಂ” ಎಂದ. ತಮ್ಮ ಕಣ್ಣು ತೆರೆಯಲಿಲ್ಲ. ಅಪ್ಪ ಇನ್ನೊಮ್ಮೆ ಸಣ್ಣ ದನಿಯಲ್ಲಿ “ಪೋಂ” ಎಂದ. ನರ್ಸ್ ಬಂದು ಮುಖದ ಮೇಲೆ ಬಿಳಿ ಬಟ್ಟೆ ಎಳೆದಳು. ಹೆಸರುಗಳು ಹರಿದುಹೋಗಿ ಪರದೆ ನೀಲಿಯಾದ ಮೇಲೂ ಅಪ್ಪ ನೋಡುತ್ತಲೇ ಇದ್ದ. ನನಗೆ ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

“ಇದ ಖರೇದು ಏನು?”

“ಹೂಂ ಅಪ್ಪಾ. ಮೊದಲಿನದು ಇದ.”

ಅವನು ಬಾಗಿಲಲ್ಲಿ ನಿಂತ ಅವ್ವನ ಕಡೆ ತಿರುಗಿದ. “ನೀ ಇದನ್ನ ಪೂರಾ ನೋಡಿದ್ದಿ ಏನು?”

ಅವ್ವ ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ನೋಡಿದ್ದೆ ರೀ.”

“ಮತ್ತ ನಾ ಊರ ಮಂದೀಗೆಲ್ಲಾ ತಪ್ಪ ಹೇಳಕೋಂತ ತಿರಗ್ಯಾಡಿದ್ರ ಸುಮ್ಮ ಕುಂತಿದ್ದೆಲ್ಲ. ಒಂದ ಮಾತ ಹೇಳಬಾರದ?”

“ಯಾಕ ಹೇಳಬೇಕು?” ಎಂದಳು ಅವ್ವ. “ಟಾಕೀಸಿನ್ಯಾಗ ಅವ ಸತ್ತಿದ್ದ. ನನಗ ಎಷ್ಟೋ ದಿನ ಊಟ ಸೇರಿದ್ದಿಲ್ಲ. ನೀವು ಚಿಂತಿ ಮಾಡೂದ ನೋಡಿ ಹೇಳಾಕ ಮನಸ ಬರಲಿಲ್ಲ. ಆಮ್ಯಾಲ ನೀವು ಹೇಳಾಕ ಚಾಲೂ ಮಾಡಿದ್ರಿ. ನೀವು ಹೇಳಿದಾಗೊಮ್ಮೆ ಅವ ಎದ್ದ ಕುಂಡರತಿದ್ದ. ಅಕ್ಕಿ ಎರಡ ಸಲ ಆರಿಸಿದ್ರೂ ಆತು, ಪೂರಾ ಕೇಳಿನ ಏಳತಿದ್ದೆ.”

ಅಪ್ಪ ತನ್ನ ಅಂಗೈಗಳನ್ನೇ ನೋಡಿಕೊಂಡ. ಇಷ್ಟು ವರ್ಷ ತಾನು ಯಾರಿಗಾಗಿ ಕತೆ ಹೇಳುತ್ತಿದ್ದೆ ಎಂಬುದು ಅವನಿಗೆ ಆಗಷ್ಟೇ ತಿಳಿದಿರಬೇಕು. ಆಮೇಲೆ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು, “ಇನ್ನೊಮ್ಮೆ ಹೇಳ್ಲೇನ?” ಎಂದು ಕೇಳಿದ.

ಅವ್ವ ಕೈ ಒರೆಸಿಕೊಂಡು ಬಂದು ಅವನ ಎದುರಿಗೆ ಕೂತಳು. ನಾನು ಎದ್ದು ಟಿವಿ ಆರಿಸಿದೆ.