ಹಿಂದೆ ಹೇಳುವವರು ಮತ್ತು ನನ್ನ ಎಕೋ ಪೆಟ್ಟಿಗೆ

ತೊಂಬತ್ತರ ದಶಕದ ಮಾತು. ನಾನು ಕೆಲಸಕ್ಕಿದ್ದ ಕಂಪನಿಗಾಗಿ ಒಂದು ಸಣ್ಣ ಎಲೆಕ್ಟ್ರಾನಿಕ್ ಚಿಪ್‌ಗೆ ವಾರಗಟ್ಟಲೆ ಪ್ರೋಗ್ರಾಂ ಬರೆದು, ಹಾಡಿದ್ದನ್ನು ಮೂರು ಸಲ ಮರುನುಡಿಯುವ ಎಕೋ ಪೆಟ್ಟಿಗೆ ಮಾಡಿದ್ದೆ. ಅದನ್ನು ಪರೀಕ್ಷಿಸಲು ಸಿಂಧನೂರಿನ ಮೈಕ್‌ಸೆಟ್ ಅಂಗಡಿಯವರ ಜೊತೆ ಸಾಲಗುಂದದ ಗುಡಿಯ ಭಜನೆಗೆ ಹೋದೆ.

ಮುಂದೆ ಹಾಡುವ ಅಮರಪ್ಪ ಒಂದು ಸಾಲು ಹಾಡಿ ನಿಲ್ಲಿಸಿದ. ಅದೇ ಸಾಲನ್ನು ಅವನ ಹಿಂದೆ ಹೇಳುವ ನಾಲ್ವರು ಬಾಯಿ ತೆರೆಯುವುದರೊಳಗೆ ನನ್ನ ಪೆಟ್ಟಿಗೆಯೇ ಸಾಲಿನ ಕೊನೆಯನ್ನು ಮೂರು ಸಲ ಹಾಡಿಬಿಟ್ಟಿತು. ನಾನು ಬೀಗಿದೆ. ಆ ನಾಲ್ವರಲ್ಲಿ ಹಿರಿಯನಾದ ಹನುಮಂತಪ್ಪ ತಾಳ ಕೆಳಗಿಟ್ಟ.

"ತಮ್ಮಾ, ಹಿಂದ ಹೇಳೋದು ನಮ್ಮ ಕೆಲಸ. ಆ ಡಬ್ಬಿ ಬಂದ್ ಮಾಡು."

"ಕಾಕಾ, ಇದು ದಣಿಯಂಗಿಲ್ಲ, ಕೇಳಿದ್ದರಾಗ ಒಂದಕ್ಷರ ಬಿಡಂಗಿಲ್ಲ," ಎಂದು ನಾನೂ ಜಿದ್ದಿಗೆ ಬಿದ್ದೆ.

"ಹೌದಾ? ಹಂಗಾರ ಅದ ಹಾಡ್ಲಿ, ನಾವು ಕೇಳ್ತೀವಿ." ನಾಲ್ವರೂ ಕೈಕಟ್ಟಿ ಕೂತರು.

ಮೂರನೇ ನುಡಿಯಲ್ಲಿ ಅಮರಪ್ಪನ ದನಿ ಶ್ರುತಿ ಬಿಟ್ಟು ಜಾರಿತು. ಪೆಟ್ಟಿಗೆ ಆ ಅಪಸ್ವರವನ್ನು ಚೂರೂ ಬಿಡದೆ ಮೂರು ಸಲ ಹಾಡಿತು. ಗುಡಿಯಲ್ಲಿದ್ದವರೆಲ್ಲ ನಕ್ಕರು.

"ನೋಡಿದಿ? ಅಂವ ತಪ್ಪಿದ್ರ ನಾವು ತಿದ್ದಿ ಹೇಳ್ತೀವಿ. ಅದಕ್ಕ ನಾವು ಹಿಂದ ಕುಂದ್ರೋದು," ಎಂದ ಹನುಮಂತಪ್ಪ.

ವೈರನ್ನು ನಾನೇ ಕಿತ್ತೆ.

ಕಂಪನಿಗೆ ವರದಿ ಬರೆದೆ: ಭಜನೆಯವರಿಗೆ ಈ ಪೆಟ್ಟಿಗೆ ಬೇಕಿಲ್ಲ, ಇದೇ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುವ ನಾಲ್ವರು ಅಲ್ಲಿದ್ದಾರೆ. ಸಾಹೇಬರು ಸಿಟ್ಟಾಗಿ, ತಿದ್ದಿ ತಾ ಎಂದರು. ನಾನೂ ನನ್ನ ಪೆಟ್ಟಿಗೆಯ ಹಾಗೆ, ಒಂದಕ್ಷರ ಬಿಡದೆ, ಅದನ್ನೇ ಮೂರು ಸಲ ಬರೆದುಕೊಟ್ಟೆ.