ಬಾಬಾಜಾನರ ತೆಳು ಐರನ್

ದಾಂಡೇಲಿ ಪೇಟೆಯಲ್ಲಿ ಆಟದ ಸಾಮಾನು ಮಾರುವ ಬಾಬಾಜಾನರಿಗೆ ಕೂತಲ್ಲಿ ಕೂಡಲು ಬರುವುದಿಲ್ಲ. ಗಾಲ್ಫ್ ಕೋಲು ಕೇಳಿಕೊಂಡು ಯಾರು ಅಂಗಡಿ ಹತ್ತಿದರೂ ಬೆಲೆ ಹೇಳುವ ಮೊದಲೇ ಹಿತ್ತಲಿಗೆ ಎಳೆದೊಯ್ದು, ಹಳೇ ಬಲೆಯ ಮುಂದೆ ನಿಲ್ಲಿಸುತ್ತಾರೆ. ಗಣೇಶಗುಡಿಯಿಂದ ಬಂದ ಹೊಸಬರ ಕೈಗೆ ದಪ್ಪ ತಳದ ಐರನ್, ಅಂದರೆ ಕಬ್ಬಿಣದ ತಲೆಯ ಕೋಲು, ತುರುಕುತ್ತಾರೆ: "ಇದು ಭಾಳ ಸಂಭಾವಿತ ಐತ್ರಿ, ನೀವು ಹೆಂಗ ಹೊಡದ್ರೂ ಚೆಂಡ ಮ್ಯಾಲ ಎತ್ತತೈತಿ." ಒಂದೆರಡು ವರ್ಷ ಆಡಿದವರಿಗೆ ಅದಕ್ಕಿಂತ ಸಣ್ಣ ತಲೆಯದು. ಆಟದಲ್ಲಿ ಪಳಗಿದ ಕಾಗದ ಗಿರಣಿಯ ಸಾಹೇಬರಿಗೆ ಮಾತ್ರ ಚಾಕುವಿನಂಥ ತೆಳು ಐರನ್: "ಇದು ಸಿಟ್ಟಿಂದು. ಅಂಚಿಗೆ ಬಡೀತೋ, ಮೊಣಕೈತನಕಾ ಝುಮ್ ಅಂತೈತಿ." ಒಂದು ಕೊಟ್ಟು, ಕಸಿದು, ಇನ್ನೊಂದು ಕೊಟ್ಟು, ಮತ್ತೆ ಮೊದಲಿನದೇ ಕೈಗಿಟ್ಟು, ಪ್ರತಿ ಏಟಿಗೂ ಅದೇ ಪ್ರಶ್ನೆ: "ಕೈಗೆ ಏನನಿಸ್ತ್ರಿ? ಖರೇ ಹೇಳ್ರಿ, ಏನನಿಸ್ತು?" ಪಕ್ಕದ ಅಂಗಡಿಯ ಹಿತ್ತಲಿಂದ ನೋಡುವ ನನಗೇ ದಣಿವು. ಚೆಂಡು ಎಲ್ಲಿ ಹೋಯಿತೆಂಬ ಗೊಡವೆ ಅವರಿಗಿಲ್ಲ. ಗಿರಾಕಿಗಳು ಇದನ್ನು ವ್ಯಾಪಾರದ ಚಾಲಾಕಿ ಎಂದು ನಗುತ್ತಾರೆ. ಹೋದ ವರ್ಷ ಬಾಬಾಜಾನರಿಗೆ ಲಕ್ವಾ ಹೊಡೆದಿತ್ತು. ಎಡಗೈ ಈಗ ಎತ್ತುತ್ತದೆ, ಹಿಡಿಯುತ್ತದೆ, ಆದರೆ ಬಿಸಿ ಚಹಾದ ಗ್ಲಾಸು ಹಿಡಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಅಂಗಡಿ ಖಾಲಿಯಾದೊಡನೆ ಅವರು ಆ ತೆಳು ಐರನ್ ಎತ್ತಿಕೊಂಡು, ಬೇಕೆಂದೇ ಅಂಚಿನಿಂದ ಚೆಂಡಿಗೆ ಬಡಿಯುತ್ತಾರೆ. ಬಡಿದು ಎಡ ಅಂಗೈ ನೋಡಿಕೊಳ್ಳುತ್ತಾರೆ. "ಝುಮ್ ಅಂತೇನ್ರಿ?" ಎಂದು ಹೆಂಡತಿ ರಜಿಯಾ ಒಳಗಿನಿಂದ ಕೂಗುತ್ತಾರೆ. "ತಡಿ, ಈ ಏಟು ಸರಿಯಾಗಿ ತಪ್ಪಲಿಲ್ಲ" ಎಂದು ಬಾಬಾಜಾನರು ಇನ್ನೊಂದು ಚೆಂಡು ಇಡುತ್ತಾರೆ.